ನಾದಶಿಲ್ಪಿ ಎಡ್ಗಾರ್ ವರೇಜ್

ಇಟಲಿ ದೇಶದ ಟ್ಯೂರಿನ್ ನಗರದ ಒಂದು ಅನುಕೂಲಸ್ಥ ಮನೆಯಲ್ಲಿ ಪಿಯಾನೊ ಒಂದಿತ್ತು. ಅದನ್ನು ನುಡಿಸುವ ಅವಕಾಶ ಮಾತ್ರ ಮನೆಯ ಹಿರಿಯ ಮಗನಿಗೆ ಇರಲಿಲ್ಲ. ತಂದೆಯು ಅದಕ್ಕೆ ಬೀಗ ಹಾಕಿ, ಮೇಲೆ ಬಟ್ಟೆ ಹೊದಿಸಿಬಿಟ್ಟಿದ್ದನು. ಆತನು ಎಂಜಿನಿಯರು. ಮಗನೂ ಎಂಜಿನಿಯರೇ ಆಗಬೇಕು, ಗಣಿತ ವಿಜ್ಞಾನಗಳನ್ನು ಬಿಟ್ಟು ಅವನ ಮನಸ್ಸು ಬೇರೆಡೆಗೆ ಹರಿಯಕೂಡದು ಎಂಬುದು ಆತನ ಹಟ. ಹುಡುಗನ ಹಟ ತಂದೆಯ ಹಟಕ್ಕಿಂತ ದೊಡ್ಡದಾಗಿತ್ತು. ಮುಂದೆ ಎಡ್ಗಾರ್ ವರೇಜ್ ಎಂಬ ಹೆಸರಿನಿಂದ ಪ್ರಸಿದ್ಧನಾಗಿ, ಮನುಷ್ಯರು ನುಡಿಸುವ ವಾದ್ಯಗಳನ್ನೂ ವಿದ್ಯುತ್ ಯಂತ್ರದಿಂದ ಹೊರಡುವ ನಾದವನ್ನೂ ಒಂದೇ ವೇದಿಕೆಯ ಮೇಲೆ ಎದುರುಬದುರಾಗಿ ನಿಲ್ಲಿಸಿದವನು ಈ ಹುಡುಗನೇ. ಒಂದು ವಿಶೇಷವನ್ನು ಮೊದಲೇ ಹೇಳಬೇಕು. ತಂದೆ ಬಲವಂತವಾಗಿ ಕಲಿಸಿದ ಗಣಿತವೂ ವಿಜ್ಞಾನವೂ ವ್ಯರ್ಥವಾಗಲಿಲ್ಲ. ತಂದೆ ಬೇಡವೆಂದ ಸಂಗೀತದಲ್ಲಿಯೇ ಅವು ಫಲ ಕೊಟ್ಟವು.

ವರೇಜನು ಹುಟ್ಟಿದ್ದು 1883ರ ಡಿಸೆಂಬರ್ 22ರಂದು, ಪ್ಯಾರಿಸ್ ನಗರದಲ್ಲಿ. ಹುಟ್ಟಿದ ಕೆಲವೇ ವಾರಗಳಲ್ಲಿ ಅವನನ್ನು ಬರ್ಗಂಡಿ ಪ್ರಾಂತದ ಲ ವಿಲಾರ್ ಎಂಬ ಹಳ್ಳಿಗೆ, ತಾಯಿಯ ಕಡೆಯ ಬಂಧುಗಳ ಮನೆಗೆ ಕಳುಹಿಸಿದರು. ಸೋನ್ ನದಿಯ ದಡದ ಹಳ್ಳಿ ಅದು. ಅಲ್ಲಿ ಅವನಿಗೆ ದೊರೆತ ದೊಡ್ಡ ಆಸ್ತಿಯೆಂದರೆ ತಾತ ಕ್ಲಾಡ್ ಕಾರ್ತೋನ ಪ್ರೀತಿ. ತಂದೆಯ ವಿಷಯದಲ್ಲಿ ಜೀವಮಾನವೆಲ್ಲ ಕಹಿಯನ್ನೇ ಉಳಿಸಿಕೊಂಡ ವರೇಜನು ತಾತನನ್ನು ಮಾತ್ರ ಎಂದೂ ಮರೆಯಲಿಲ್ಲ. ಹಳ್ಳಿಗೆ ಸಮೀಪದ ತೂರ್ನ್ಯೂ ಎಂಬ ಊರಿನಲ್ಲಿ ಸುಮಾರು ಸಾವಿರ ವರ್ಷಗಳಷ್ಟು ಹಳೆಯ ಕಲ್ಲಿನ ಇಗರ್ಜಿಯಿದೆ. ಅಲಂಕಾರವಿಲ್ಲದ, ದಪ್ಪ ಕಂಬಗಳ, ಗಟ್ಟಿಮುಟ್ಟಾದ ಕಟ್ಟಡ. ಆ ಕಲ್ಲಿನ ಗಾಂಭೀರ್ಯವು ಬಾಲಕನ ಮನಸ್ಸಿನಲ್ಲಿ ಆಳವಾಗಿ ನೆಟ್ಟಿತು. ಅವನ ಸಂಗೀತವನ್ನು ಕೇಳುವವರಿಗೆ ಇಂಪಾದ ರಾಗಧಾರೆಗಿಂತ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿದ ಅನುಭವವಾಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ಹತ್ತು ವರ್ಷದ ಸುಮಾರಿಗೆ ಅವನು ತಂದೆತಾಯಿಗಳೊಡನೆ ಟ್ಯೂರಿನ್ ನಗರಕ್ಕೆ ಹೋಗಬೇಕಾಯಿತು. ಪಿಯಾನೊವಿಗೆ ಬೀಗ ಬಿದ್ದದ್ದು ಅಲ್ಲಿಯೇ. ಬೀಗ ಬಿದ್ದರೂ ಹುಡುಗನು ಸುಮ್ಮನಾಗಲಿಲ್ಲ. ಎಳೆಯ ವಯಸ್ಸಿನಲ್ಲಿಯೇ ಜೂಲ್ಸ್ ವೆರ್ನನ ಕಥೆಯೊಂದನ್ನು ಆಧರಿಸಿ ಒಂದು ಗೀತನಾಟಕವನ್ನು ರಚಿಸಿದನು. ಟ್ಯೂರಿನ್ನಿನ ಸಂಗೀತಶಾಲೆಯ ಮುಖ್ಯಸ್ಥನಾಗಿದ್ದ ಬೊಲ್ಜೋನಿಯ ಬಳಿ ಮನೆಯವರಿಗೆ ತಿಳಿಯದಂತೆ ಪಾಠ ಹೇಳಿಸಿಕೊಂಡನು. ವಾದ್ಯವೃಂದದಲ್ಲಿ ತಾಳವಾದ್ಯಗಳನ್ನು ನುಡಿಸುವ ಅವಕಾಶವೂ ಅವನಿಗೆ ಸಿಕ್ಕಿತು. ಹದಿಹರೆಯದಲ್ಲಿ ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಅವನನ್ನು ಹಿಡಿದಿಡುವವರು ಯಾರೂ ಉಳಿಯಲಿಲ್ಲ. 1903ರಲ್ಲಿ ತಂದೆಯೊಡನೆ ಸಂಬಂಧ ಹರಿದುಕೊಂಡು ಪ್ಯಾರಿಸ್ಸಿಗೆ ಹೊರಟುಹೋದನು. ಕೈಯಲ್ಲಿ ಹಣವಿರಲಿಲ್ಲ.

ಪ್ಯಾರಿಸ್ಸಿನಲ್ಲಿ ಅವನು 1904ರಲ್ಲಿ ಸ್ಕೋಲಾ ಕಾಂಟೋರುಮ್ ಎಂಬ ಸಂಗೀತ ವಿದ್ಯಾಲಯವನ್ನು ಸೇರಿದನು. ಅನಂತರ ಸರ್ಕಾರದ ಪ್ರಸಿದ್ಧ ಸಂಗೀತಶಾಲೆಯಲ್ಲಿ ವಿದೋರ್ ಎಂಬ ಆಚಾರ್ಯನ ಶಿಷ್ಯನಾದನು. ಆದರೆ ಅವನ ಬುದ್ಧಿಗೆ ಕಿಡಿ ತಗುಲಿಸಿದ್ದು ತರಗತಿಯ ಪಾಠವಲ್ಲ, ಒಂದು ವಿಜ್ಞಾನದ ಗ್ರಂಥ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ಮಹಾವಿಜ್ಞಾನಿಯು ನಾದದ ಸ್ವರೂಪವನ್ನು ಕುರಿತು ಬರೆದ ಗ್ರಂಥದಲ್ಲಿ ಸೈರನ್ನುಗಳನ್ನು ಉಪಯೋಗಿಸಿ ಮಾಡಿದ ಪ್ರಯೋಗಗಳ ವರ್ಣನೆಯಿತ್ತು. ವರೇಜನು ಹಳೆಯ ಸಾಮಾನುಗಳ ಸಂತೆಗೆ ಹೋಗಿ ಸೈರನ್ನುಗಳನ್ನು ಕೊಂಡು ತಂದು, ತನ್ನ ಕೋಣೆಯಲ್ಲಿ ಅವುಗಳನ್ನು ಊದಿ ನೋಡಿದನು.

ಸೈರನ್ನಿನಲ್ಲಿ ಸಂಗೀತಗಾರನಿಗೆ ಏನು ಕೆಲಸವೆಂದು ನಮಗೆ ತೋರಬಹುದು. ಪಿಯಾನೊವಿನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವುದು ಮೆಟ್ಟಿಲು ಹತ್ತಿದಂತೆ. ಎರಡು ಮೆಟ್ಟಿಲುಗಳ ನಡುವೆ ಕಾಲೂರಲು ಜಾಗವಿಲ್ಲ. ಸೈರನ್ನಿನ ಧ್ವನಿಯಾದರೋ ಎಲ್ಲಿಯೂ ಕಡಿಯದೆ ಇಳಿಜಾರಿನಲ್ಲಿ ಏರಿದಂತೆ ಏರುತ್ತದೆ, ಜಾರಿದಂತೆ ಇಳಿಯುತ್ತದೆ. ವೀಣೆಯ ಜಾರುವನ್ನೂ ಗಮಕವನ್ನೂ ಕೇಳಿ ಬೆಳೆದ ನಮಗೆ ಸ್ವರಗಳ ನಡುವಣ ಈ ಸಂಚಾರ ಹೊಸದಲ್ಲ. ಮೆಟ್ಟಿಲುಗಳ ಸಂಗೀತದಲ್ಲಿಯೇ ಬೆಳೆದ ಯುರೋಪಿನ ಯುವಕನಿಗೆ ಅದು ಬಾಗಿಲೊಂದು ತೆರೆದಂತಾಯಿತು. ಇರುವ ವಾದ್ಯಗಳಲ್ಲಿ ಹಿಡಿಯಲಾಗದ ನಾದಗಳು ಎಷ್ಟೋ ಇವೆ, ಅವುಗಳನ್ನು ಹಿಡಿಯುವ ಹೊಸ ವಾದ್ಯಗಳು ಬೇಕು ಎಂಬ ಹಂಬಲ ಅಂದು ಮೊಳೆಯಿತು.

1907ರಲ್ಲಿ ಅವನು ಸುಜಾನ್ ಬಿಂಗ್ ಎಂಬ ನಟಿಯನ್ನು ಮದುವೆಯಾಗಿ, ಬಳಿಕ ಬರ್ಲಿನ್ ನಗರಕ್ಕೆ ಹೋಗಿ ನೆಲೆಸಿದನು. ಒಬ್ಬಳು ಮಗಳು ಹುಟ್ಟಿದಳು. ದಾಂಪತ್ಯ ಬಹುಕಾಲ ಉಳಿಯಲಿಲ್ಲ. ಬರ್ಲಿನ್ನಿನಲ್ಲಿ ದೊರೆತ ದೊಡ್ಡ ಲಾಭವೆಂದರೆ ಬುಸೋನಿಯ ಸ್ನೇಹ. ಬುಸೋನಿ ಆ ಕಾಲದ ಮಹಾ ಪಿಯಾನೊವಾದಕ. ವಿದ್ಯುತ್ತಿನಿಂದ ನಾದವನ್ನು ಹುಟ್ಟಿಸುವ ಯಂತ್ರವೊಂದು ಅಮೆರಿಕದಲ್ಲಿ ತಯಾರಾಗಿದೆಯೆಂಬ ಸುದ್ದಿಯನ್ನು ಓದಿ, ಸಂಗೀತದ ಭವಿಷ್ಯ ಅತ್ತ ಇದೆಯೆಂದು 1907ರಲ್ಲಿಯೇ ಬರೆದವನು. ರಿಚರ್ಡ್ ಸ್ಟ್ರಾಸ್ ಎಂಬ ಹಿರಿಯ ಸಂಗೀತಗಾರನ ಸಹಾಯದಿಂದ 1910ರ ಡಿಸೆಂಬರಿನಲ್ಲಿ ವರೇಜನ ‘ಬೂರ್ಗೋನ್’ ಎಂಬ ವೃಂದಕೃತಿ ಬರ್ಲಿನ್ನಿನಲ್ಲಿ ಪ್ರದರ್ಶಿತವಾಯಿತು. ತಾತನ ಸೀಮೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದನು. ಜನ ಅದನ್ನು ಮೆಚ್ಚಲಿಲ್ಲ. ಆ ಕಾಲದ ಅವನ ಹಸ್ತಪ್ರತಿಗಳೆಲ್ಲ ಬರ್ಲಿನ್ನಿನ ಉಗ್ರಾಣವೊಂದಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋದವು. ಉಳಿದಿದ್ದ ‘ಬೂರ್ಗೋನ್’ ಕೃತಿಯನ್ನು ಮುಪ್ಪಿನಲ್ಲಿ ಅವನೇ ನಾಶಮಾಡಿದನು. ಹೀಗಾಗಿ ಮೂವತ್ತು ವರ್ಷ ದಾಟುವ ತನಕ ಅವನು ಪಟ್ಟ ಶ್ರಮದ ಗುರುತು ನಮ್ಮ ಪಾಲಿಗೆ ಬಹುಮಟ್ಟಿಗೆ ಇಲ್ಲವೇ ಇಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಕರೆ ಬಂದಿತು. ಅನಾರೋಗ್ಯದ ಕಾರಣ ಬಿಡುಗಡೆಯಾಯಿತು. 1915ರ ಡಿಸೆಂಬರ್ ಕೊನೆಯಲ್ಲಿ ಅವನು ಹಡಗಿನಿಂದ ನ್ಯೂಯಾರ್ಕ್ ನಗರದಲ್ಲಿ ಇಳಿದನು. ಎತ್ತರವಾದ ಕಟ್ಟಡಗಳು, ಬಂದರಿನ ಹಡಗುಗಳ ಕೂಗು, ಬೆಂಕಿ ಆರಿಸುವ ವಾಹನಗಳ ಸೈರನ್ನು, ರಾತ್ರಿಯ ಹೊತ್ತು ನದಿಯ ಕಡೆಯಿಂದ ತೇಲಿಬರುವ ಮಂಜುಗಹಳೆಯ ಧ್ವನಿ. ಬೇರೆಯವರಿಗೆ ತಲೆನೋವಾಗಿದ್ದ ಈ ಸದ್ದುಗಳೆಲ್ಲ ಅವನಿಗೆ ಸಂಗೀತದ ಮೂಲದ್ರವ್ಯವಾದವು. ‘ಅಮೆರಿಕಗಳು’ ಎಂಬರ್ಥದ ಹೆಸರಿನ ಮಹಾಕೃತಿಯೊಂದನ್ನು ನೂರಕ್ಕೂ ಹೆಚ್ಚು ವಾದ್ಯಗಾರರಿಗಾಗಿ ಬರೆದು, ಸೈರನ್ನನ್ನೂ ಅದರಲ್ಲಿ ಒಂದು ವಾದ್ಯವನ್ನಾಗಿ ಸೇರಿಸಿದನು. 1926ರಲ್ಲಿ ಸ್ಟೊಕೊವ್‌ಸ್ಕಿಯ ನೇತೃತ್ವದಲ್ಲಿ ಫಿಲಡೆಲ್ಫಿಯದ ವಾದ್ಯವೃಂದವು ಅದನ್ನು ನುಡಿಸಿತು. ಅದಕ್ಕೂ ಮೊದಲು, 1923ರಲ್ಲಿ, ‘ಹೈಪರ್‌ಪ್ರಿಸಂ’ ಎಂಬ ಕಿರಿಯ ಕೃತಿಯನ್ನು ನ್ಯೂಯಾರ್ಕಿನಲ್ಲಿ ನುಡಿಸಿದಾಗ ಸಭಿಕರು ನಕ್ಕರು, ಸಿಳ್ಳೆ ಹಾಕಿದರು, ಹಲವರು ಎದ್ದು ಹೋದರು. ಉಳಿದವರಿಗಾಗಿ ವರೇಜನು ಅದೇ ಕೃತಿಯನ್ನು ಇನ್ನೊಮ್ಮೆ ನುಡಿಸಿದನು! ಅವನ ಸ್ವಭಾವವೇ ಅಂತಹುದು.

1931ರಲ್ಲಿ ಮುಗಿದ ‘ಅಯನೈಸೇಶನ್’ ಎಂಬುದು ಅವನ ಕೃತಿಗಳಲ್ಲೆಲ್ಲ ಹೆಚ್ಚು ಹೆಸರಾದುದು. ಹದಿಮೂರು ಮಂದಿ ವಾದಕರು, ಡೋಲು, ಜಾಗಟೆ, ತಾಳ, ಗಂಟೆ, ಎರಡು ಸೈರನ್ನುಗಳು. ಪಿಟೀಲಿಲ್ಲ, ಕೊಳಲಿಲ್ಲ. ನಿಶ್ಚಿತ ಸ್ವರವುಳ್ಳ ಪಿಯಾನೊ ಮೊದಲಾದ ವಾದ್ಯಗಳು ಕಟ್ಟಕಡೆಯಲ್ಲಿ ಮಾತ್ರ ಧ್ವನಿಗೂಡುತ್ತವೆ. 1933ರ ಮಾರ್ಚ್ 6ರಂದು ನ್ಯೂಯಾರ್ಕಿನಲ್ಲಿ ನಿಕೊಲಾಸ್ ಸ್ಲೊನಿಮ್‌ಸ್ಕಿಯ ನೇತೃತ್ವದಲ್ಲಿ ಇದರ ಮೊದಲ ಪ್ರದರ್ಶನ ನಡೆಯಿತು. ಕೇವಲ ಲಯವಾದ್ಯಗಳಿಂದ ಒಂದು ಪೂರ್ಣಕೃತಿಯನ್ನು ಕಟ್ಟಬಹುದೆಂಬುದು ತನಿ ಆವರ್ತನವನ್ನು ಬಲ್ಲ ನಮಗೆ ಆಶ್ಚರ್ಯದ ಸಂಗತಿಯಲ್ಲ. ಪಶ್ಚಿಮದ ಸಭಾಮಂದಿರಗಳಿಗೆ ಅದು ದೊಡ್ಡ ಸಾಹಸವಾಗಿತ್ತು.

ಇಷ್ಟಾದರೂ ವರೇಜನಿಗೆ ತೃಪ್ತಿಯಿರಲಿಲ್ಲ. ಅವನ ಒಳಗಿವಿಯಲ್ಲಿ ಕೇಳುತ್ತಿದ್ದ ನಾದಗಳಿಗೂ ವಾದಕರು ನುಡಿಸಬಲ್ಲ ನಾದಗಳಿಗೂ ನಡುವೆ ದೊಡ್ಡ ಕಂದರವಿತ್ತು. ಊದುವವನಿಗೆ ಉಸಿರು ಮುಗಿಯುತ್ತದೆ, ಕಮಾನಿಗೆ ತುದಿಯಿದೆ. ದಣಿಯದ, ಎಷ್ಟು ಸೂಕ್ಷ್ಮವಾದ ಸ್ವರವನ್ನಾದರೂ ಹಿಡಿಯುವ, ಮಂದ್ರದ ಆಳಕ್ಕೂ ತಾರದ ತುದಿಗೂ ಒಂದೇ ಸಲ ಹಾರಬಲ್ಲ ಯಂತ್ರವನ್ನು ಅವನು ಅರಸುತ್ತಿದ್ದನು. ವಿದ್ಯುತ್ ವಾದ್ಯಗಳನ್ನು ರಚಿಸುತ್ತಿದ್ದವರನ್ನೆಲ್ಲ ಹುಡುಕಿಕೊಂಡು ಹೋದನು. ಫ್ರಾನ್ಸಿನ ರೆನೆ ಬರ್ತ್ರಾನ್ ಅವನ ಸ್ನೇಹಿತನಾದನು. ರಷ್ಯದಿಂದ ಬಂದು ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಲೆಯಾನ್ ಥೆರೆಮಿನ್ ಅವನಿಗಾಗಿ ಎರಡು ವಿದ್ಯುತ್ ವಾದ್ಯಗಳನ್ನು ಸಿದ್ಧಮಾಡಿಕೊಟ್ಟನು. 1934ರ ಏಪ್ರಿಲ್‌ನಲ್ಲಿ ‘ಎಕ್ವಟೋರಿಯಲ್’ ಎಂಬ ಕೃತಿಯಲ್ಲಿ ಅವು ತುತ್ತೂರಿ, ಪಿಯಾನೊ, ತಾಳವಾದ್ಯಗಳ ಮತ್ತು ಗಾಯನದ ಜೊತೆಗೆ ನುಡಿದವು. ಜೀವಂತ ವಾದ್ಯಗಳ ನಡುವೆ ವಿದ್ಯುತ್ತಿನ ಧ್ವನಿಯನ್ನು ಕೂರಿಸುವ ಅವನ ಮೊದಲ ದೊಡ್ಡ ಪ್ರಯತ್ನ ಇದು.

ಯಂತ್ರಗಳನ್ನು ಇನ್ನೂ ಮುಂದುವರಿಸಲು ಪ್ರಯೋಗಶಾಲೆ ಬೇಕು, ಹಣ ಬೇಕು. ಬೆಲ್ ದೂರವಾಣಿ ಸಂಸ್ಥೆಯ ಪ್ರಯೋಗಶಾಲೆಗಳಲ್ಲಿ ಧ್ವನಿವಿಜ್ಞಾನದ ಸಂಶೋಧನೆ ನಡೆಸುತ್ತಿದ್ದ ಹಾರ್ವೆ ಫ್ಲೆಚರ್ ಎಂಬ ವಿಜ್ಞಾನಿಯೊಡನೆ ಅವನು ಪತ್ರವ್ಯವಹಾರ ನಡೆಸಿದನು. ಗುಗ್ಗನ್‌ಹೈಮ್ ಪ್ರತಿಷ್ಠಾನಕ್ಕೆ ವಿದ್ಯಾರ್ಥಿವೇತನಕ್ಕಾಗಿ ಅರ್ಜಿ ಬರೆದನು. ಇಲ್ಲವೆಂದು ಉತ್ತರ ಬಂದಿತು. ಮತ್ತೆ ಬರೆದನು, ಮತ್ತೆ ಅದೇ ಉತ್ತರ. ಜಗತ್ತೇ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಲುಕಿದ್ದ ಕಾಲ ಅದು. ಇಂದು ನಾವು ನೋಡುವ ಧ್ವನಿಮುದ್ರಣ ಮಂದಿರಗಳ ಕಲ್ಪನೆಯೂ ಇಲ್ಲದ ದಿನಗಳಲ್ಲಿ, ಸಂಗೀತಗಾರನೊಬ್ಬನಿಗೆ ವಿಜ್ಞಾನದ ಪ್ರಯೋಗಶಾಲೆ ಏಕೆ ಬೇಕೆಂಬುದು ಯಾರಿಗೂ ಅರ್ಥವಾಗಲಿಲ್ಲ.

1936ರಲ್ಲಿ ಜಾರ್ಜ್ ಬಾರೇರ್ ಎಂಬ ಕೊಳಲುವಾದಕನ ಪ್ಲಾಟಿನಂ ಕೊಳಲಿಗಾಗಿ ಒಂದು ಪುಟ್ಟ ಕೃತಿ ಬರೆದು, ಆ ಲೋಹದ ಸಾಂದ್ರತೆಯಾದ 21.5 ಎಂಬ ಸಂಖ್ಯೆಯನ್ನೇ ಅದರ ಹೆಸರಿನಲ್ಲಿ ಇಟ್ಟನು. ಆಮೇಲೆ ಮೌನ. ಒಂದು ವರ್ಷ ಎರಡು ವರ್ಷದ ಮೌನವಲ್ಲ. ಹದಿನೆಂಟು ವರ್ಷಗಳ ಕಾಲ ದೊಡ್ಡ ಕೃತಿ ಯಾವುದನ್ನೂ ಮುಗಿಸಿ ಅವನು ಲೋಕದ ಮುಂದಿಡಲಿಲ್ಲ. ನ್ಯೂಮೆಕ್ಸಿಕೊ, ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲಿಸ್ ಎಂದು ಅಲೆದನು. ಚಲನಚಿತ್ರ ತಯಾರಿಸುವವರ ಬಳಿ ಧ್ವನಿಯಂತ್ರಗಳಿದ್ದವು. ಅವುಗಳ ಮೇಲೆ ಪ್ರಯೋಗ ಮಾಡಲು ಅವಕಾಶ ಕೇಳಿದನು, ದೊರೆಯಲಿಲ್ಲ. ಗ್ರಾಮಫೋನ್ ತಟ್ಟೆಗಳನ್ನು ಹಿಂದುಮುಂದಾಗಿ ತಿರುಗಿಸಿ, ವೇಗವನ್ನು ಏರಿಸಿ ಇಳಿಸಿ, ಏನು ಧ್ವನಿ ಹೊರಡುವುದೆಂದು ನೋಡಿದನು. 1941ರಲ್ಲಿ ಥೆರೆಮಿನ್ನನಿಗೆ ಒಂದು ಕಾಗದ ಬರೆದು, ಹೊಸ ಕೃತಿಗಾಗಿ ಅವನ ವಾದ್ಯಗಳು ಬೇಕಾಗಿವೆಯೆಂದು ಕೇಳಿದನು. ಥೆರೆಮಿನ್ 1938ರಲ್ಲಿಯೇ ಸ್ವದೇಶಕ್ಕೆ ಮರಳಿ, ಮರುವರ್ಷ ಬಂಧಿತನಾಗಿ, ಆ ವೇಳೆಗೆ ಸೋವಿಯತ್ ಸರ್ಕಾರದ ಬಂದಿಗಳಾಗಿದ್ದ ವಿಜ್ಞಾನಿಗಳ ನಡುವೆ ಕೆಲಸ ಮಾಡುತ್ತಿದ್ದನು.

ಈ ದಿನಗಳಲ್ಲಿ ವರೇಜನ ಕೈ ಹಿಡಿದು ನಡೆಸಿದವಳು ಎರಡನೆಯ ಹೆಂಡತಿ ಲೂಯಿಸ್. ಆಕೆ ಅಮೆರಿಕದವಳು, ಫ್ರೆಂಚ್ ಸಾಹಿತ್ಯವನ್ನು ಇಂಗ್ಲಿಷಿಗೆ ಅನುವಾದಿಸುವುದರಲ್ಲಿ ನುರಿತವಳು. ನ್ಯೂಯಾರ್ಕಿನ ಸಲಿವನ್ ಬೀದಿಯ ಮನೆಯಲ್ಲಿ ಒಂದು ಕಡೆ ಆಕೆಯ ಬರವಣಿಗೆ ಸಾಗುತ್ತಿತ್ತು. ಇನ್ನೊಂದು ಕಡೆ ಅವನು ಸ್ವರಪ್ರಸ್ತಾರ ಬರೆಯುತ್ತಿದ್ದನು, ಹರಿಯುತ್ತಿದ್ದನು, ಮತ್ತೆ ಬರೆಯುತ್ತಿದ್ದನು. ಈ ಮೌನಕ್ಕೆ ಯಂತ್ರದ ಕೊರತೆಯೊಂದೇ ಕಾರಣವೆಂದು ಕೆಲವರು ಹೇಳುವುದುಂಟು. ಅದು ಪೂರ್ತಿ ನಿಜವೆಂದು ನನಗೆ ತೋರುವುದಿಲ್ಲ. ಅವನ ಮನಸ್ಸು ಆಗಾಗ ಖಿನ್ನತೆಗೆ ಒಳಗಾಗುತ್ತಿತ್ತು. ತನ್ನ ಕೆಲಸವನ್ನು ತಾನೇ ಕಠಿಣವಾಗಿ ಅಳೆದು ತಿರಸ್ಕರಿಸುವ ಗುಣವೂ ಅವನಲ್ಲಿತ್ತು. ಬೇಕಾದ ಯಂತ್ರ ಮುಂಚೆಯೇ ದೊರೆತಿದ್ದರೂ ಅವನು ಹತ್ತಾರು ಕೃತಿಗಳನ್ನು ಬರೆದುಬಿಡುತ್ತಿದ್ದನೆಂದು ಹೇಳಲಾಗದು. ಆದರೆ ಕಾದದ್ದು ನಿಜ. ಕಾಯುತ್ತ ಐವತ್ತು ದಾಟಿ, ಅರವತ್ತು ದಾಟಿ, ಕೂದಲು ನರೆತದ್ದೂ ನಿಜ.

ಎರಡನೆಯ ಮಹಾಯುದ್ಧದ ಅನಂತರ ಟೇಪ್ ರೆಕಾರ್ಡರ್ ಎಂಬ ಯಂತ್ರವು ಬಳಕೆಗೆ ಬಂದಿತು. ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಲೇಪಿಸಿದ ತೆಳ್ಳನೆಯ ನಾಡದ ಮೇಲೆ ಧ್ವನಿಯು ಕಾಂತಶಕ್ತಿಯ ರೂಪದಲ್ಲಿ ನೆಲೆಗೊಳ್ಳುತ್ತದೆ. ಅಂದಿನ ಉತ್ತಮ ಯಂತ್ರಗಳಲ್ಲಿ ಸೆಕೆಂಡಿಗೆ ಹದಿನೈದು ಅಂಗುಲದಷ್ಟು ನಾಡ ಓಡುತ್ತಿತ್ತು. ಎಂದರೆ, ಒಂದು ಸೆಕೆಂಡಿನ ಧ್ವನಿ ಹದಿನೈದು ಅಂಗುಲದ ಪಟ್ಟಿಯಾಗಿ ಸಂಗೀತಗಾರನ ಕೈಗೆ ಬಂದಿತು. ಅದನ್ನು ಬ್ಲೇಡಿನಿಂದ ಕತ್ತರಿಸಬಹುದು, ಬೇರೆ ತುಂಡಿಗೆ ಅಂಟಿಸಬಹುದು, ತಿರುಗುಮುರುಗಾಗಿ ಓಡಿಸಬಹುದು. ಓಟದ ವೇಗವನ್ನು ಎರಡರಷ್ಟು ಮಾಡಿದರೆ ಮಧ್ಯಸ್ಥಾಯಿಯ ನಾದ ತಾರಸ್ಥಾಯಿಗೆ ಏರುತ್ತದೆ; ಅರ್ಧಕ್ಕೆ ಇಳಿಸಿದರೆ ಮಂದ್ರಕ್ಕೆ ಇಳಿಯುತ್ತದೆ. ಗಂಟೆಯ ನಾದದಿಂದ ಅದರ ಮೊದಲ ಪೆಟ್ಟನ್ನು ಮಾತ್ರ ಕತ್ತರಿಸಿ ತೆಗೆದರೆ, ಉಳಿಯುವ ಗುಂಜಾರವು ಯಾವ ವಾದ್ಯದ್ದೆಂದು ಗುರುತಿಸುವುದೇ ಕಷ್ಟ. ಶಿಲ್ಪಿಗೆ ಕಲ್ಲು ಹೇಗೋ ಹಾಗೆ ಸಂಗೀತಗಾರನಿಗೆ ನಾದವು ಕೈಯಿಂದ ಮುಟ್ಟಿ ಕೆತ್ತುವ ವಸ್ತುವಾಯಿತು. 1953ರಲ್ಲಿ ಹೆಸರು ಹೇಳಲಿಚ್ಛಿಸದ ದಾನಿಯೊಬ್ಬರು ಇಂತಹ ಆಂಪೆಕ್ಸ್ ಯಂತ್ರವೊಂದನ್ನು ವರೇಜನ ಮನೆಗೆ ಕಳುಹಿಸಿಕೊಟ್ಟರು. ಆಗ ಅವನ ವಯಸ್ಸು ಅರವತ್ತೊಂಬತ್ತು.

ಅವನು ತಡಮಾಡಲಿಲ್ಲ. ಫಿಲಡೆಲ್ಫಿಯ ನಗರದ ಕಬ್ಬಿಣದ ಕಾರ್ಖಾನೆಗಳಲ್ಲಿಯೂ ಮರ ಕೊಯ್ಯುವ ಕಾರ್ಖಾನೆಗಳಲ್ಲಿಯೂ ಧ್ವನಿಗಳನ್ನು ಸಂಗ್ರಹಿಸಿದನು. ಉಜ್ಜುವ ಸದ್ದು, ಅರೆಯುವ ಸದ್ದು, ಬಡಿಯುವ ಸದ್ದು, ಆವಿ ಬುಸುಗುಟ್ಟುವ ಸದ್ದು. ‘ಡೆಸೆರ್’, ಎಂದರೆ ಮರುಭೂಮಿಗಳು, ಎಂಬ ಕೃತಿಯ ವಾದ್ಯಭಾಗವನ್ನು ಅಷ್ಟರಲ್ಲಿ ಅವನು ರಚಿಸಿದ್ದನು. ಮರಳಿನ ಮರುಭೂಮಿ ಮಾತ್ರವಲ್ಲ, ಹಿಮದ, ಕಡಲಿನ, ನಿರ್ಜನವಾದ ನಗರಬೀದಿಗಳ ಬಯಲೂ, ಯಾರೂ ಜೊತೆಗೆ ಬರಲಾಗದ ಮನಸ್ಸಿನೊಳಗಣ ಬಯಲೂ ಅವನ ದೃಷ್ಟಿಯಲ್ಲಿದ್ದವು. ಹದಿನೆಂಟು ವರ್ಷ ಅಂತಹ ಬಯಲಿನಲ್ಲಿ ನಡೆದವನಿಗೆ ಆ ಹೆಸರನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ.

ಈ ಕೃತಿಯ ರಚನೆಯನ್ನು ತುಸು ವಿವರವಾಗಿ ತಿಳಿಯುವುದು ಲೇಸು. ಕೊಳಲು, ಕ್ಲಾರಿನೆಟ್, ಕೊಂಬು, ತುತ್ತೂರಿ ಮೊದಲಾದ ಊದುವಾದ್ಯಗಳನ್ನು ನುಡಿಸುವವರು ಹದಿನಾಲ್ಕು ಮಂದಿ, ತಾಳವಾದ್ಯಗಾರರು ಐವರು, ಪಿಯಾನೊ ಒಂದು. ಒಟ್ಟು ಇಪ್ಪತ್ತು ಜನ. ಇವರ ನುಡಿಕೆಯು ನಾಲ್ಕು ಭಾಗಗಳಾಗಿ ಬರುತ್ತದೆ. ಆ ಭಾಗಗಳ ನಡುವೆ ಮೂರು ಕಡೆ ವಾದ್ಯಗಳು ನಿಲ್ಲುತ್ತವೆ. ಧ್ವನಿವರ್ಧಕಗಳಿಂದ ಟೇಪಿನ ನಾದ ಹೊರಡುತ್ತದೆ. ಮೊದಲನೆಯ ಮತ್ತು ಮೂರನೆಯ ಟೇಪುಗಳಲ್ಲಿ ಕಾರ್ಖಾನೆಯ ಸದ್ದುಗಳು ರೂಪಾಂತರ ಹೊಂದಿ ಕೇಳಿಬರುತ್ತವೆ. ಎರಡನೆಯದರಲ್ಲಿ ತಾಳವಾದ್ಯಗಳ ಧ್ವನಿಯೇ ಮುಖ್ಯ. ಜೀವಂತ ವಾದ್ಯವನ್ನೂ ಯಂತ್ರವನ್ನೂ ಒಂದರೊಳಗೊಂದು ಬೆರೆಸಿ ಕಲಸಿಬಿಡುವುದು ಅವನಿಗೆ ಬೇಕಿರಲಿಲ್ಲ. ಒಂದು ನುಡಿದಾಗ ಇನ್ನೊಂದು ಕೇಳಬೇಕು. ಟೇಪು ನಿಂತು ವಾದ್ಯಗಳು ಮತ್ತೆ ಆರಂಭವಾದಾಗ, ಕಂಚಿನ ತುತ್ತೂರಿಯ ಧ್ವನಿಯಲ್ಲಿ ಕಾರ್ಖಾನೆಯ ನೆನಪೂ, ಜಾಗಟೆಯ ಕಂಪನದಲ್ಲಿ ಯಂತ್ರದ ನೆರಳೂ ಕೇಳುಗನಿಗೆ ಕಾಣುತ್ತವೆ. ಒಂದೇ ಸ್ವರವನ್ನು ಹಿಡಿದು ಅದರ ಬಲವನ್ನು ಕ್ಷಣಕ್ಷಣಕ್ಕೂ ಏರಿಳಿಸುವಂತೆ ಅವನು ವಾದಕರಿಗೆ ಬರೆದಿದ್ದಾನೆ. ಮನುಷ್ಯನ ಉಸಿರು ಯಂತ್ರದ ಕೆಲಸವನ್ನು ಮಾಡುವಂತೆ ತೋರುತ್ತದೆ. ಬೇಕಾದರೆ ಟೇಪುಗಳನ್ನು ಬಿಟ್ಟು ವಾದ್ಯಭಾಗವನ್ನಷ್ಟೇ ನುಡಿಸಲೂ ಬರುವಂತೆ ಕೃತಿಯನ್ನು ಕಟ್ಟಿದ್ದಾನೆ.

ಇಂತಹ ಜೋಡಣೆಯನ್ನು ಮಾಡಿದವರಲ್ಲಿ ವರೇಜನೇ ಮೊದಲಿಗನೆಂದು ಹೇಳಿದರೆ ತಪ್ಪಾಗುತ್ತದೆ. ಇಟಲಿಯ ರೆಸ್ಪಿಗಿ 1924ರಲ್ಲಿಯೇ ತನ್ನ ವೃಂದಕೃತಿಯೊಂದರ ನಡುವೆ ಗ್ರಾಮಫೋನ್ ತಟ್ಟೆಯಿಂದ ಹಕ್ಕಿಯ ಹಾಡನ್ನು ಕೇಳಿಸಿದ್ದನು. ಬ್ರೂನೊ ಮದೆರ್ನ 1952ರಲ್ಲಿ ಕೊಳಲನ್ನೂ ಟೇಪನ್ನೂ ಜೊತೆಗೂಡಿಸಿದ್ದನು. ಅಮೆರಿಕದಲ್ಲಿ ಲ್ಯೂನಿಂಗ್ ಮತ್ತು ಉಸಾಚೆವ್‌ಸ್ಕಿ ಎಂಬಿಬ್ಬರು 1954ರ ಮಾರ್ಚಿನಲ್ಲಿಯೇ ವಾದ್ಯವೃಂದದೊಡನೆ ಟೇಪನ್ನು ಬಳಸಿದ್ದರು. ಮೊದಲಿಗನೆಂಬ ಪಟ್ಟಕ್ಕಿಂತ ದೊಡ್ಡದು ವರೇಜನ ಪಾಲಿಗಿದೆ: ಎರಡಕ್ಕೂ ಸಮಾನವಾದ ತೂಕ ಕೊಟ್ಟು ಬಾಳುವಂತಹ ಕೃತಿಯನ್ನು ಕಡೆದವನು ಅವನು. ನಮ್ಮ ಕಚೇರಿಗಳಲ್ಲಿ ವಿದ್ಯುತ್ ತಂಬೂರಿ ಗಾಯಕನ ಹಿಂದೆ ಕುಳಿತು ಶ್ರುತಿ ಕೊಡುವುದನ್ನು ನಾವು ಕಂಡಿದ್ದೇವೆ. ಅಲ್ಲಿ ಯಂತ್ರವು ಸೇವಕ. ವರೇಜನಲ್ಲಿ ಅದು ಪಕ್ಕದ ಪೀಠದಲ್ಲಿ ಕುಳಿತ ಇನ್ನೊಬ್ಬ ವಿದ್ವಾಂಸ.

ಟೇಪುಗಳನ್ನು ಪೂರ್ಣಗೊಳಿಸಲು 1954ರಲ್ಲಿ ಪ್ಯಾರಿಸ್ಸಿನಿಂದ ಕರೆ ಬಂದಿತು. ಅಲ್ಲಿ ಪಿಯೇರ್ ಶೇಫರ್ ಎಂಬುವನು ಫ್ರಾನ್ಸಿನ ಬಾನುಲಿಯ ಆಶ್ರಯದಲ್ಲಿ ಧ್ವನಿಪ್ರಯೋಗಗಳ ಮಂದಿರವನ್ನು ನಡೆಸುತ್ತಿದ್ದನು. ಪಿಯೇರ್ ಹಾನ್ರಿ ಎಂಬ ತರುಣನು ವೃದ್ಧನ ಸಹಾಯಕ್ಕೆ ನಿಂತನು. ಆ ವರ್ಷದ ಡಿಸೆಂಬರ್ 2ರ ಸಂಜೆ ಶಾಂಜೆಲಿಜೆ ರಂಗಮಂದಿರದಲ್ಲಿ ಹೆರ್ಮನ್ ಶೆರ್ಶೆನ್ನನ ನೇತೃತ್ವದಲ್ಲಿ ಪ್ರದರ್ಶನ ಏರ್ಪಾಟಾಯಿತು. 1913ರಲ್ಲಿ ಸ್ಟ್ರಾವಿನ್‌ಸ್ಕಿಯ ನೃತ್ಯಸಂಗೀತವೊಂದಕ್ಕೆ ಸಭಿಕರು ರಂಪ ಮಾಡಿದ್ದು ಇದೇ ರಂಗಮಂದಿರದಲ್ಲಿ. ವ್ಯವಸ್ಥಾಪಕರು ‘ಡೆಸೆರ್’ ಕೃತಿಯನ್ನು ಮೋಜಾರ್ಟ್ ಮತ್ತು ಚೈಕೋವ್‌ಸ್ಕಿಯರ ಕೃತಿಗಳ ನಡುವೆ ಇಟ್ಟಿದ್ದರು. ಮಧುರವಾದ ಹಳೆಯ ಸಂಗೀತವನ್ನು ಕೇಳಲು ಬಂದವರೇ ಸಭೆಯಲ್ಲಿ ಬಹಳ. ಎರಡು ಕಡೆಯಿಂದ ಧ್ವನಿ ಕೇಳುವ ಸ್ಟೀರಿಯೊ ಕ್ರಮದಲ್ಲಿ ಬಾನುಲಿಯು ಇದನ್ನು ನೇರವಾಗಿ ಪ್ರಸಾರ ಮಾಡಿತು. ಅದೇ ಅಂದು ಒಂದು ಹೊಸ ಸಂಗತಿ.

ವಾದ್ಯಗಳು ನುಡಿಯುವವರೆಗೆ ಸಭೆ ಹೇಗೋ ತಡೆದುಕೊಂಡಿತು. ಧ್ವನಿವರ್ಧಕಗಳಿಂದ ಕಾರ್ಖಾನೆಯ ನಾದ ಹೊರಟಾಗ ಗೊಣಗಾಟ ಆರಂಭವಾಯಿತು. ಬರಬರುತ್ತ ಅದು ಕೂಗಾಟವಾಯಿತು. ಒಂದು ಗುಂಪು ಸಿಳ್ಳೆ ಹಾಕಿದರೆ ಇನ್ನೊಂದು ಗುಂಪು ಅದನ್ನು ಅಡಗಿಸಲು ಚಪ್ಪಾಳೆ ತಟ್ಟಿತು. ಶೆರ್ಶೆನ್ ಕದಲದೆ ಕೊನೆಯವರೆಗೂ ನಡೆಸಿಕೊಟ್ಟನು. ಆ ಸಂಜೆಯ ಧ್ವನಿಮುದ್ರಣ ಉಳಿದುಬಂದಿದೆ. ಸಂಗೀತದೊಡನೆ ಸಭೆಯ ಗದ್ದಲವೂ ಅದರಲ್ಲಿ ಸೇರಿಹೋಗಿದೆ. ಎಪ್ಪತ್ತೊಂದನೆಯ ವರ್ಷಕ್ಕೆ ಇನ್ನು ಇಪ್ಪತ್ತು ದಿನಗಳಿದ್ದ ವರೇಜನಿಗೆ ಸಭೆಯ ನಗೆ ಹೊಸದಾಗಿರಲಿಲ್ಲ. ಆದರೆ ಹುಟ್ಟೂರಿನಲ್ಲಿ, ಅಷ್ಟು ವರ್ಷ ಕಾದು ತಂದ ಕೃತಿಗೆ ಹೀಗಾದಾಗ ನೋವಾಗದೆ ಇರದು. ಕೆಲವೇ ದಿನಗಳಲ್ಲಿ ಹ್ಯಾಂಬರ್ಗ್ ಮತ್ತು ಸ್ಟಾಕ್‌ಹೋಮ್ ನಗರಗಳಲ್ಲಿಯೂ ಕೃತಿ ಪ್ರದರ್ಶಿತವಾಯಿತು. ಮರುವರ್ಷ ಅಮೆರಿಕದಲ್ಲಿಯೂ ಕೇಳಿಬಂದಿತು.

ಆ ಪ್ಯಾರಿಸ್ ಪ್ರವಾಸದಿಂದ ಒಂದು ನಷ್ಟವೂ ಆಯಿತು. ಚಾರ್ಲಿ ಪಾರ್ಕರ್ ಎಂಬ ಮಹಾ ಜಾಸ್ ವಾದಕನು ತನಗೆ ಸಂಗೀತರಚನೆಯನ್ನು ಕಲಿಸಬೇಕೆಂದು ವರೇಜನನ್ನು ಬೇಡಿಕೊಂಡಿದ್ದನು. ಹಿಂದಿರುಗಿ ಬಂದ ಮೇಲೆ ನೋಡೋಣವೆಂದು ವರೇಜನು ಹೊರಟನು. 1955ರಲ್ಲಿ ಮರಳಿ ಬಂದಾಗ ಪಾರ್ಕರ್ ಬದುಕಿರಲಿಲ್ಲ; ಮಾರ್ಚಿನಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದನು.

1958ರ ಬ್ರಸೆಲ್ಸ್ ಪ್ರದರ್ಶನದಲ್ಲಿ ಫಿಲಿಪ್ಸ್ ಸಂಸ್ಥೆಯ ಮಂಟಪಕ್ಕಾಗಿ ವರೇಜನು ಪೂರ್ತಿಯಾಗಿ ಟೇಪಿನ ಮೇಲೆಯೇ ಎಂಟು ನಿಮಿಷದ ಕೃತಿಯೊಂದನ್ನು ರಚಿಸಿದನು. ಚಂಡೀಗಡ ನಗರದ ಯೋಜನೆಯನ್ನು ರೂಪಿಸಿದ ಲ ಕಾರ್ಬುಸಿಯೇ ಈ ಮಂಟಪದ ಹೊಣೆ ಹೊತ್ತವನು. ಸಂಸ್ಥೆಯ ಅಧಿಕಾರಿಗಳು ಬೇರೆ ಸಂಗೀತಗಾರನನ್ನು ಸೂಚಿಸಿದಾಗ ಪಟ್ಟು ಹಿಡಿದು ವರೇಜನನ್ನೇ ಉಳಿಸಿಕೊಂಡವನೂ ಅವನೇ. ಮಂಟಪದ ಒಳಗೋಡೆಗಳಲ್ಲಿ 300ಕ್ಕೂ ಹೆಚ್ಚು ಧ್ವನಿವರ್ಧಕಗಳಿದ್ದು, ನಾದವು ಅವುಗಳ ಮೂಲಕ ಜನರ ತಲೆಯ ಮೇಲೆ ಹರಿದಾಡುತ್ತಿತ್ತು. ಲಕ್ಷಾಂತರ ಜನ ಕೇಳಿದರು. ಪ್ರದರ್ಶನ ಮುಗಿದ ಮೇಲೆ ಮಂಟಪವನ್ನು ಕೆಡವಿಬಿಟ್ಟರು. ಈ ಕೃತಿಗೆ ದೊರೆತ ಕೀರ್ತಿ ದೊಡ್ಡದು. ಆದರೂ ಇಪ್ಪತ್ತು ಮನುಷ್ಯರ ಉಸಿರೂ ಕೈಗಳೂ ಯಂತ್ರಕ್ಕೆ ಎದುರಾಗಿ ನಿಂತ ‘ಡೆಸೆರ್’ ಕೃತಿಯೇ ಹೆಚ್ಚಿನದೆಂದು ನನ್ನ ಎಣಿಕೆ.

ಕಡೆಗಾಲದಲ್ಲಿ ಮನ್ನಣೆ ಬಂದಿತು. ಕ್ಯಾಲಿಫೋರ್ನಿಯದ ಫ್ರ್ಯಾಂಕ್ ಜಪ್ಪ ಎಂಬ ಹುಡುಗನು ವರೇಜನ ಗ್ರಾಮಫೋನ್ ತಟ್ಟೆಯೊಂದನ್ನು ಕೇಳಿ ಮರುಳಾಗಿ, 1955ರಲ್ಲಿ ತನ್ನ ಹದಿನೈದನೆಯ ಹುಟ್ಟುಹಬ್ಬದ ಉಡುಗೊರೆಯಾಗಿ ನ್ಯೂಯಾರ್ಕಿಗೆ ದೂರವಾಣಿ ಕರೆ ಮಾಡಲು ಮನೆಯವರ ಅನುಮತಿ ಪಡೆದನು. ವರೇಜನು ಮನೆಯಲ್ಲಿರಲಿಲ್ಲ; ಲೂಯಿಸ್ ಹುಡುಗನೊಡನೆ ಮಾತನಾಡಿದಳು. ಮುಂದೆ ಆ ಹುಡುಗನು ರಾಕ್ ಸಂಗೀತದಲ್ಲಿ ದೊಡ್ಡ ಹೆಸರು ಮಾಡಿದನು.

‘ಡೆಸೆರ್’ ಕೃತಿಯ ಟೇಪುಗಳ ವಿಷಯದಲ್ಲಿ ವರೇಜನಿಗೆ ಸಮಾಧಾನವಿರಲಿಲ್ಲ. ಪ್ಯಾರಿಸ್ಸಿನಲ್ಲಿ ಕಾಲ ಸಾಲದೆ ಅವಸರವಾಗಿತ್ತು. ಹೀಗಾಗಿ ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, 1960-61ರ ಅವಧಿಯಲ್ಲಿ, ನ್ಯೂಯಾರ್ಕಿನ ಕೊಲಂಬಿಯ-ಪ್ರಿನ್ಸ್‌ಟನ್ ವಿದ್ಯುತ್ ಸಂಗೀತ ಕೇಂದ್ರದಲ್ಲ್ಲಿ ಬುಲೆಂಟ್ ಆರೆಲ್ ಎಂಬ ತುರ್ಕಿಯ ಸಂಗೀತಗಾರನ ನೆರವಿನಿಂದ ಅವುಗಳನ್ನು ಮತ್ತೆ ತಿದ್ದಿದನು. 1965ರ ನವೆಂಬರ್ 6ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡನು. ಅಪೂರ್ಣವಾಗಿದ್ದ ‘ನಾಕ್ಟರ್ನಲ್’ ಎಂಬ ಕೃತಿಯನ್ನು ಶಿಷ್ಯ ಚೌ ವೆನ್-ಚುಂಗ್ ಪೂರ್ಣಗೊಳಿಸಿದನು. ಲೂಯಿಸ್ ತನ್ನ ಗಂಡನ ಜೀವನವನ್ನು ಕುರಿತು 1972ರಲ್ಲಿ ಒಂದು ಗ್ರಂಥವನ್ನು ಹೊರತಂದಳು.

‘ಡೆಸೆರ್’ ಇಂದಿಗೂ ಪ್ರದರ್ಶನಗೊಳ್ಳುತ್ತದೆ. ಟೇಪಿನ ಭಾಗ ಬಂದಾಗ ನಾಯಕನು ಕೈ ಇಳಿಸುತ್ತಾನೆ. ಇಪ್ಪತ್ತು ಮಂದಿ ವಾದಕರು ನುಡಿಸುವುದನ್ನು ನಿಲ್ಲಿಸಿ, ಸಭಿಕರಂತೆಯೇ ಧ್ವನಿವರ್ಧಕದ ಕಡೆಗೆ ಕಿವಿಗೊಟ್ಟು ಕುಳಿತಿರುತ್ತಾರೆ. ಕಾರ್ಖಾನೆಯ ನಾದ ಕರಗಿ ಮುಗಿಯುವ ಹೊತ್ತಿಗೆ ನಾಯಕನ ಕೈ ಮತ್ತೆ ಮೇಲಕ್ಕೇಳುತ್ತದೆ. ಊದುವವರು ಉಸಿರು ತೆಗೆದುಕೊಳ್ಳುತ್ತಾರೆ.